ನೀರಿಗೆ ಪೆಟ್ರೋಲ್ ವಾಸನೆ ಬಂದರೆ: ಮಂಗಳೂರು, ಉಡುಪಿಯ ಮನೆಗಳಿಗೆ ದೋಷ ಪತ್ತೆಯ ಕೈಪಿಡಿ

ಕುಡಿಯುವ ನೀರಿಗೆ ಪೆಟ್ರೋಲ್, ಡೀಸೆಲ್ ಅಥವಾ ಚಿಮಿಣಿ ಎಣ್ಣೆಯ ವಾಸನೆ ಬಂದರೆ ಕಾರಣ ಹುಡುಕುವ ಮೊದಲೇ ಒಂದು ಕೆಲಸ ಮಾಡಿ. ಆ ನೀರನ್ನು ಕುಡಿಯುವುದು, ಅಡುಗೆಗೆ ಬಳಸುವುದು, ಮಗುವಿನ ಹಾಲಿನ ಪುಡಿಗೆ ಬೆರೆಸುವುದು ನಿಲ್ಲಿಸಿ. ಕುದಿಸಿ ಕುಡಿದರಾಯಿತು ಎಂಬ ನಮ್ಮ ಹಳೆಯ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ಕುದಿಸಿದರೆ ಸಾಯುವುದು ಕ್ರಿಮಿ. ಪೆಟ್ರೋಲಿನ ಅಂಶ ಹಬೆಯಾಗಿ ಅಡುಗೆಮನೆಯ ಗಾಳಿಗೆ ಸೇರಿ, ನೀರಿನ ಬದಲು ಉಸಿರಿನ ಮೂಲಕ ಮೈಗೆ ಹೋಗುತ್ತದೆ.

ನಮ್ಮ ಊರುಗಳಲ್ಲಿ ಪತ್ತೆ ಕೆಲಸ ಸ್ವಲ್ಪ ತೊಡಕಿನದು. ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. ಆದರೆ ಎಷ್ಟೋ ಮನೆಗಳ ಹಿತ್ತಿಲಲ್ಲಿ ಬಾವಿಯೂ ಇದೆ, ಕೆಲವು ಕಡೆ ಬೋರ್‌ವೆಲ್ ಕೂಡ. ಇವೆಲ್ಲ ಒಂದೇ ಸಂಪಿಗೋ ತಾರಸಿಯ ಟ್ಯಾಂಕಿಗೋ ಬಂದು ಸೇರುವುದರಿಂದ, ಅಡುಗೆಮನೆಯ ನಳ್ಳಿಯಲ್ಲಿ ಬಂದ ವಾಸನೆ ಯಾವ ನೀರಿನದು ಎಂದು ಅಲ್ಲೇ ನಿಂತು ಹೇಳಲಾಗದು. ಮುಂದಿನ ಪರೀಕ್ಷೆಗಳಲ್ಲಿ ಬಹುಪಾಲು ಈ ಮೂಲಗಳನ್ನು ಒಂದೊಂದಾಗಿ ಬೇರ್ಪಡಿಸುವ ಕೆಲಸವೇ.

ವಾಸನೆಯ ಬಗ್ಗೆ ಒಂದು ಮಾತು ಮೊದಲೇ ಗೊತ್ತಿರಲಿ. ಪೆಟ್ರೋಲಿನಲ್ಲಿರುವ ರಾಸಾಯನಿಕಗಳಲ್ಲಿ ನಾವು ಹೆಚ್ಚು ಹೆದರಬೇಕಾದದ್ದು ಬೆಂಜೀನಿಗೆ. ದೀರ್ಘ ಕಾಲ ದೇಹಕ್ಕೆ ಸೇರಿದರೆ ಅದು ಮೂಳೆಯ ಮಜ್ಜೆಯನ್ನು ಕೆಡಿಸಿ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ 0.01 ಮಿಲಿಗ್ರಾಂ. ನಮ್ಮ ಮೂಗಿಗೆ ನೀರಿನಲ್ಲಿ ಬರೀ ಬೆಂಜೀನ್ ಗೊತ್ತಾಗುವುದು ಅದರ ನೂರಾರು ಪಟ್ಟು ಸೇರಿದ ಮೇಲೆಯೇ. ಪೆಟ್ರೋಲಿನಲ್ಲಿ ಬೆಂಜೀನಿನ ಜೊತೆಗಿರುವ ಟಾಲ್ವೀನ್, ಜೈಲೀನ್ ಮುಂತಾದವು ಮಾತ್ರ ಬಹಳ ಕಡಿಮೆ ಪ್ರಮಾಣದಲ್ಲೇ ವಾಸನೆ ಕೊಡುತ್ತವೆ. ಹೀಗಾಗಿ ವಾಸನೆ ಬಂತೆಂದರೆ ನೀರು ನಿಲ್ಲಿಸಲು ಅಷ್ಟು ಸಾಕು. ವಾಸನೆ ಇಲ್ಲವೆಂದರೆ ನೀರು ಚೆನ್ನಾಗಿದೆ ಎಂದು ಮಾತ್ರ ಹೇಳಲಾಗದು. ಈ ಎರಡನ್ನೂ ಬೆರೆಸಿಬಿಡುವುದರಿಂದ ಆಗುವ ಅನಾಹುತ ದೊಡ್ಡದು.

ಇವು ಕಂಡರೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ

ಬಾವಿಯ ಬಾಯಿಯ ಹತ್ತಿರ ಹೋದೊಡನೆ ಪೆಟ್ರೋಲಿನ ಗಾಟು ಮೂಗಿಗೆ ಹೊಡೆಯುತ್ತದೆ, ತಲೆ ತಿರುಗುತ್ತದೆ, ಕಣ್ಣು ಉರಿಯುತ್ತದೆ, ಅಥವಾ ನೀರಿನ ಮೇಲೆ ದಪ್ಪಗೆ ಇಂಧನ ತೇಲುವುದು ಕಾಣುತ್ತದೆ ಎಂದಾದರೆ ಅಲ್ಲಿಂದ ದೂರ ಸರಿಯಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಬಾವಿಯ ಬಳಿಯ ಪಂಪಿನ ಸ್ವಿಚ್ ಮುಟ್ಟಬೇಡಿ, ಅದರ ಕಿಡಿಯೇ ಸಾಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬಾವಿಯೊಳಗೆ ಇಳಿದು ಅಲ್ಲೇ ಕುಳಿತಿರುತ್ತದೆ.

ಬಾವಿಗೆ ಇಳಿಯುವ ಮೊದಲು ಉರಿಯುವ ದೀಪವನ್ನೋ ಮೇಣದ ಬತ್ತಿಯನ್ನೋ ಹಗ್ಗಕ್ಕೆ ಕಟ್ಟಿ ಇಳಿಸಿ, ಆರಿದರೆ ಗಾಳಿ ಇಲ್ಲ ಎಂದು ತಿಳಿಯುವ ಪದ್ಧತಿ ನಮ್ಮಲ್ಲಿದೆ. ಪೆಟ್ರೋಲ್ ವಾಸನೆಯ ಬಾವಿಯಲ್ಲಿ ಇದನ್ನು ಖಂಡಿತ ಮಾಡಬೇಡಿ. ಇಡೀ ಬಾವಿ ಸ್ಫೋಟಿಸಬಹುದು. ಯಾರೂ ಒಳಗೆ ಇಳಿಯಲೂ ಬಾರದು. ಬಾವಿ ಶುಚಿ ಮಾಡುವ ಅನುಭವಸ್ಥರೂ ಇಳಿಯಬಾರದು. 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಿ, ಪಾಲಿಕೆ ಅಥವಾ ನಗರಸಭೆಗೆ, ಗ್ರಾಮವಾದರೆ ಪಂಚಾಯತಿಗೆ ತಿಳಿಸಿ. ಆ ನೀರು ಕುಡಿದವರಿಗೆ ವಾಂತಿ, ತಲೆಸುತ್ತು, ಮಂಪರು ಬಂದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಇಂಧನ ಶ್ವಾಸಕೋಶಕ್ಕೆ ಹೋದರೆ ಹೊಟ್ಟೆಗೆ ಹೋದದ್ದಕ್ಕಿಂತ ಹೆಚ್ಚು ಅಪಾಯ.

ಒಂದೇ ನಳ್ಳಿಯಲ್ಲಿ ವಾಸನೆ, ಉಳಿದ ಕಡೆ ಇಲ್ಲ

ಇದು ಸಮಾಧಾನದ ಲಕ್ಷಣ. ಹೆಚ್ಚಿನ ಸಲ ತೊಂದರೆ ನೀರಿನದಾಗಿರದೆ ಆ ಜಾಗದ್ದಾಗಿರುತ್ತದೆ. ಚೊಕ್ಕಟವಾದ ಗಾಜಿನ ಬಾಟಲಿಯಲ್ಲಿ ಅರ್ಧ ನೀರು ಹಿಡಿದು, ಮುಚ್ಚಳ ಹಾಕಿ, ಅಂಗಳಕ್ಕೆ ತನ್ನಿ. ಹತ್ತು ಹದಿನೈದು ನಿಮಿಷ ಬಿಟ್ಟು ಚೆನ್ನಾಗಿ ಅಲ್ಲಾಡಿಸಿ, ಮುಚ್ಚಳ ತೆರೆದು, ಬಾಯಿಯ ಮೇಲಿನ ಗಾಳಿಯನ್ನು ಕೈಯಿಂದ ಮೂಗಿನತ್ತ ಬೀಸಿಕೊಳ್ಳಿ. ಬಾಟಲಿಗೇ ಮೂಗಿಟ್ಟು ಉಸಿರು ಎಳೆಯಬೇಡಿ. ಪ್ಲಾಸ್ಟಿಕ್ ಬಾಟಲಿ ಬೇಡ, ಅದಕ್ಕೆ ತನ್ನದೇ ವಾಸನೆ ಇರುತ್ತದೆ. ನೀವು ಈಗಾಗಲೇ ಹಲವು ಸಲ ಮೂಸಿದ್ದರೆ ನಿಮ್ಮ ಮೂಗು ಆ ವಾಸನೆಗೆ ಒಗ್ಗಿರುತ್ತದೆ. ಪಕ್ಕದ ಮನೆಯವರನ್ನು ಕರೆದು, ಏನು ಎತ್ತ ಎಂದು ಹೇಳದೆ ಮೂಸಲು ಕೊಡಿ.

ಅಂಗಳದಲ್ಲಿ ವಾಸನೆ ಇಲ್ಲವೆಂದರೆ ವಾಶ್‌ಬೇಸಿನ್ನಿನ ಕೊಳವೆಯನ್ನು ನೋಡಿ. ಅದರಲ್ಲಿ ಹಾಕಿದ ನುಸಿಗುಳಿಗೆಯ ವಾಸನೆಯೂ ಟಾರಿನ ವಾಸನೆಯಂತೆಯೇ ಇರುತ್ತದೆ. ಬಾಟಲಿಯಲ್ಲೂ ವಾಸನೆ ಇದ್ದು, ಆ ನಳ್ಳಿಯ ಪೈಪನ್ನು ಇತ್ತೀಚೆಗೆ ಜೋಡಿಸಿದ್ದರೆ ಪಿವಿಸಿ ಗಮ್ಮಿನ ಮೇಲೆ ಅನುಮಾನ ಪಡಿ. ಅದರ ದ್ರಾವಕ ಕೆಲವು ದಿನ ನೀರಿಗೆ ಇಳಿಯುತ್ತದೆ. ನಳ್ಳಿ ಬಿಟ್ಟು ನೀರು ಹರಿಸಿದಂತೆ ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಕಡಿಮೆಯಾಗದಿದ್ದರೆ, ಆ ಕವಲಿನ ಪೈಪು ನೆಲದಡಿಯಲ್ಲಿ ಎಲ್ಲಿ ಹಾದು ಹೋಗಿದೆ ನೋಡಿ. ಬೈಕ್ ರಿಪೇರಿ ಮಾಡುವ ಜಾಗವೋ ಡೀಸೆಲ್ ಜನರೇಟರ್ ಇಟ್ಟ ಜಾಗವೋ ಅದರ ಮೇಲಿದ್ದರೆ ವಿಷಯ ಬೇರೆ. ಮಣ್ಣಿಗೆ ಇಳಿದ ಇಂಧನ ಪ್ಲಾಸ್ಟಿಕ್ ಪೈಪಿನ ಗೋಡೆಯ ಮೂಲಕವೇ ಒಳಗೆ ಜಿನುಗಬಲ್ಲದು, ಪೈಪು ಒಡೆದಿರಬೇಕೆಂದಿಲ್ಲ. ಕಪ್ಪು ಎಚ್‌ಡಿಪಿಇ ಪೈಪಿನಲ್ಲಿ ಇದು ಹೆಚ್ಚು, ಪಿವಿಸಿಯಲ್ಲಿ ಕಡಿಮೆ. ಜೋಡಣೆಯ ರಬ್ಬರ್ ವಾಷರುಗಳ ಮೂಲಕವಂತೂ ಸಲೀಸು.

ಮನೆಯ ಎಲ್ಲ ನಳ್ಳಿಗಳಲ್ಲೂ ವಾಸನೆ

ಈಗ ಮೂಲ ಬೇರ್ಪಡಿಸಿ. ಒಂದೇ ಬಗೆಯ ಗಾಜಿನ ಬಾಟಲಿಗಳಲ್ಲಿ ಬೇರೆ ಬೇರೆ ನೀರು ಹಿಡಿಯಿರಿ: ಪಾಲಿಕೆಯ ಮೀಟರಿನ ಪಕ್ಕದ ನಳ್ಳಿಯಿಂದ, ಅಂದರೆ ಸಂಪಿಗೆ ಬೀಳುವ ಮೊದಲೇ, ಬಾವಿಯಿಂದ ನೇರವಾಗಿ, ಬೋರ್‌ವೆಲ್ ಇದ್ದರೆ ಅದರ ಪೈಪಿನಿಂದ, ಕೊನೆಗೆ ಸಂಪಿನಿಂದ, ತಾರಸಿಯ ಟ್ಯಾಂಕಿನಿಂದ. ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಿ. ಚೀಟಿಗೆ ಮಾರ್ಕರ್ ಪೆನ್ ಬೇಡ, ಪೆನ್ಸಿಲ್ ಸಾಕು. ಮಾರ್ಕರಿನ ಶಾಯಿಗೂ ಇದೇ ಜಾತಿಯ ವಾಸನೆ.

ಟ್ಯಾಂಕಿನ ನೀರಿಗೆ ಮಾತ್ರ ವಾಸನೆ ಇದ್ದರೆ ಖರ್ಚು ಕಡಿಮೆ. ಟ್ಯಾಂಕ್ ಹೊಸದೇ? ಒಳಗೋ ಹತ್ತಿರವೋ ಪೇಂಟ್, ವಾಟರ್‌ಪ್ರೂಫಿಂಗ್ ಬಳಿದಿದ್ದಾರೆಯೇ? ಮಳೆಗಾಲಕ್ಕೆ ಮುಂಚೆ ತಾರಸಿಗೆ ಡಾಮರು ಹಚ್ಚುವ ಮನೆಗಳು ನಮ್ಮಲ್ಲಿ ಬಹಳ. ಸಂಪಿನ ನೀರಿಗೆ ವಾಸನೆ ಇದ್ದರೆ ಸಂಪು ವಾಹನ ನಿಲ್ಲಿಸುವ ಜಾಗದ ಕೆಳಗಿದೆಯೇ, ಮುಚ್ಚಳದ ಸಂದಿಯಿಂದ ನೀರು ಇಳಿಯುತ್ತದೆಯೇ ನೋಡಿ. ಅಪಾರ್ಟ್‌ಮೆಂಟುಗಳಲ್ಲಿ ಸಂಪಿನ ಪಕ್ಕದಲ್ಲೇ ಜನರೇಟರಿನ ಡೀಸೆಲ್ ಇಡುವುದು ಸಾಮಾನ್ಯ. ಅದನ್ನು ಇವತ್ತೇ ಅಲ್ಲಿಂದ ತೆಗೆಸಿ, ವಾಸನೆ ಬರಲಿ ಬರದಿರಲಿ.

ಗೆದ್ದಲಿನ ಔಷಧಿಯನ್ನೂ ಮರೆಯಬೇಡಿ. ಅಡಿಪಾಯಕ್ಕೆ ಸುರಿಯುವ ಕೆಲವು ಗೆದ್ದಲು ನಾಶಕಗಳು ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿದಂಥವು, ಚಿಮಿಣಿ ಎಣ್ಣೆಯ ವಾಸನೆಯೇ ಬರುತ್ತದೆ. ನಿಮ್ಮ ಮನೆಯಲ್ಲೋ ಪಕ್ಕದ ಹೊಸ ಕಟ್ಟಡದಲ್ಲೋ ಆ ಕೆಲಸ ನಡೆದ ಮೇಲೆ ಬಾವಿ ನೀರಿಗೆ ವಾಸನೆ ಬಂದಿದ್ದರೆ, ಪ್ರಯೋಗಾಲಯದಲ್ಲಿ ಕೀಟನಾಶಕದ ಪರೀಕ್ಷೆಯನ್ನೂ ಕೇಳಬೇಕು. ಆಗ ಇಂಧನಕ್ಕಿಂತ ಆ ವಿಷವೇ ಮುಖ್ಯ.

ವಾಸನೆ ಡೀಸೆಲಿನದ್ದಲ್ಲ, ಆಸ್ಪತ್ರೆಯ ಡೆಟಾಲಿನಂತಿದೆ ಎಂದಾದರೆ ನೀರಿನಲ್ಲಿರುವ ಫೀನಾಲ್ ಅಂಶ ಕ್ಲೋರಿನ್ ಜೊತೆ ಸೇರಿರಬಹುದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಫೀನಾಲಿಗೆ ಲೀಟರಿಗೆ 0.001 ಮಿಲಿಗ್ರಾಂ ಎಂಬ ಬಿಗಿ ಮಿತಿ ಇದೆ, ಅದನ್ನು ಹೆಸರಿಸಿ ಪರೀಕ್ಷಿಸಲು ಹೇಳಿ. ಕೊಳೆತ ಮೊಟ್ಟೆಯ ವಾಸನೆಯಾದರೆ ಅದು ಗಂಧಕದ ಅನಿಲ, ಈ ಕೈಪಿಡಿಯ ವಿಷಯವಲ್ಲ.

ವಾಸನೆ ಇಲ್ಲ, ಬಾವಿ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ

ಕರಾವಳಿಯಲ್ಲಿ ಜನ ಹೆಚ್ಚಾಗಿ ಗಾಬರಿಯಾಗುವುದು ಇದನ್ನು ಕಂಡು. ಇದರಲ್ಲಿ ಬಹುಪಾಲು ಪೆಟ್ರೋಲ್ ಅಲ್ಲವೇ ಅಲ್ಲ. ನಮ್ಮದು ಮುರಕಲ್ಲಿನ ನೆಲ, ಕಬ್ಬಿಣ ತುಂಬಿದ ಕೆಂಪು ಕಲ್ಲು. ಆಮ್ಲಜನಕ ಕಡಿಮೆ ಇರುವ ಅಂತರ್ಜಲದಲ್ಲಿ ಕಬ್ಬಿಣ ಕರಗಿಕೊಂಡು ಬರುತ್ತದೆ. ಬಾವಿಯಲ್ಲಿ ಗಾಳಿ ತಾಗಿದ ಕೂಡಲೇ, ಕಬ್ಬಿಣವನ್ನೇ ಆಹಾರ ಮಾಡಿಕೊಂಡ ಬ್ಯಾಕ್ಟೀರಿಯಾಗಳ ಜೊತೆ ಸೇರಿ ಮೇಲ್ಮೈಯಲ್ಲಿ ತೆಳು ಪದರವಾಗುತ್ತದೆ. ಬೆಳಕು ಬಿದ್ದಾಗ ಅದೂ ಎಣ್ಣೆಯಂತೆಯೇ ಬಣ್ಣಬಣ್ಣವಾಗಿ ಹೊಳೆಯುತ್ತದೆ.

ಎರಡನ್ನೂ ಬೇರ್ಪಡಿಸಲು ಕಾಸು ಖರ್ಚಿಲ್ಲದ ಪರೀಕ್ಷೆಯಿದೆ. ಪದರ ಸಮೇತ ನೀರನ್ನು ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ನಿಧಾನವಾಗಿ ತೆಗೆದು, ಅಲ್ಲಾಡದಂತೆ ಇಡಿ. ಪದರ ಮತ್ತೆ ಕೂಡಿಕೊಂಡ ಮೇಲೆ ತೆಂಗಿನ ಗರಿಯ ಕಡ್ಡಿಯಿಂದ ನಡುವೆ ಗೀರಿ. ಕಬ್ಬಿಣದ ಪದರವಾದರೆ ಹಪ್ಪಳ ಒಡೆದಂತೆ ಮೂಲೆಮೂಲೆಯ ಚೂರುಗಳಾಗುತ್ತದೆ, ಚೂರುಗಳು ಹಾಗೇ ಬೇರೆಯಾಗಿ ತೇಲುತ್ತವೆ. ಪೆಟ್ರೋಲಿಯಂ ಪದರವಾದರೆ ಕಡ್ಡಿಯ ಹಿಂದೆಯೇ ಸುಳಿಸುಳಿಯಾಗಿ ಹರಿದು ಬಂದು ಒಡನೆ ಕೂಡಿಕೊಳ್ಳುತ್ತದೆ.

ಕಬ್ಬಿಣವೇ ಎಂಬುದಕ್ಕೆ ಇನ್ನೂ ಸಾಕ್ಷಿಗಳಿವೆ. ಬಾವಿಯ ಗೋಡೆಯಲ್ಲಿ, ಟ್ಯಾಂಕಿನ ತಳದಲ್ಲಿ ಕೆಂಪು ಲೋಳೆ ಕೂತಿರುತ್ತದೆ. ಬಿಳಿ ಬಟ್ಟೆ ಹಳದಿಯಾಗುತ್ತದೆ. ಆ ನೀರಿಗೆ ಕಡು ಚಹಾ ಬೆರೆಸಿದರೆ ಬಣ್ಣ ಕಪ್ಪಿನತ್ತ ತಿರುಗುತ್ತದೆ. ಇಂಥ ನೀರಿಗೆ ಬೇಕಾದದ್ದು ಕಬ್ಬಿಣದ ಪರೀಕ್ಷೆ ಮತ್ತು ಅದರ ಫಿಲ್ಟರ್, ಬೆಂಜೀನ್ ಪರೀಕ್ಷೆಯ ಖರ್ಚು ಬೇಡ.

ಪದರ ಕೂಡಿಕೊಂಡರೂ ಪೆಟ್ರೋಲ್ ಎಂದೇ ಆಗಬೇಕಿಲ್ಲ. ಬಾವಿಗೆ ಬಿದ್ದು ಕೊಳೆತ ತೆಂಗಿನಕಾಯಿ ಕೂಡ ಎಣ್ಣೆ ಬಿಡುತ್ತದೆ. ಪದರದ ಮೇಲೆ ಬಿಳಿ ಕಾಗದದ ತುಂಡು ಮುಟ್ಟಿಸಿ ನೆರಳಲ್ಲಿ ಒಣಗಿಸಿ. ಎಣ್ಣೆಕಲೆ ಉಳಿದರೆ ಡೀಸೆಲ್, ಎಂಜಿನ್ ಆಯಿಲ್ ಅಥವಾ ತೆಂಗಿನೆಣ್ಣೆಯಂಥ ಭಾರದ ಎಣ್ಣೆ. ಪೆಟ್ರೋಲ್ ಆರಿಹೋಗುತ್ತದೆ, ಕಲೆ ಬಿಡುವುದಿಲ್ಲ. ಆದ್ದರಿಂದ ಕಲೆ ಇಲ್ಲದ್ದನ್ನು ಕಂಡು ನಿರಾಳರಾಗಬೇಡಿ. ಕಾಗದಕ್ಕೆ ಬೆಂಕಿ ಹಚ್ಚಿ ನೋಡುವವರಿದ್ದಾರೆ. ಅದರಿಂದ ತಿಳಿಯುವುದು ಏನೂ ಇಲ್ಲ, ಅಪಾಯ ಮಾತ್ರ ಇದೆ.

ಪಂಪ್ ಹಾಕಿದಾಗಲೇ ಜಿಡ್ಡು

ಸಬ್‌ಮರ್ಸಿಬಲ್ ಮೋಟಾರುಗಳಲ್ಲಿ ನೀರು ತುಂಬುವ ಬಗೆ ಒಂದು, ಎಣ್ಣೆ ತುಂಬಿದ ಬಗೆ ಇನ್ನೊಂದು. ಮನೆಗಳ ಬೋರ್‌ವೆಲ್‌ನಲ್ಲಿ ಎಣ್ಣೆಯವೂ ಬಹಳ ಇವೆ. ಸೀಲ್ ಸವೆದರೆ ಆ ಎಣ್ಣೆ ನೇರ ನಿಮ್ಮ ಕುಡಿಯುವ ನೀರಿಗೆ ಬರುತ್ತದೆ. ಲಕ್ಷಣ ಸ್ಪಷ್ಟ: ಪೆಟ್ರೋಲಿನ ಘಾಟು ಇಲ್ಲ, ಬಕೆಟಿನಲ್ಲಿ ಜಿಡ್ಡು ಇದೆ, ಮೋಟಾರು ಇತ್ತೀಚೆಗೆ ಟ್ರಿಪ್ ಆಗುತ್ತಿದೆ ಅಥವಾ ನೀರೆತ್ತುವುದು ಕಡಿಮೆಯಾಗಿದೆ. ಪಂಪಿನ ಕೆಲಸದವರನ್ನು ಕರೆಸಿ, ಮೇನ್ ಸ್ವಿಚ್ ತೆಗೆದ ಮೇಲೆ ಮೋಟಾರು ಎತ್ತಿಸಿ ನೋಡಿ. ಸೀಲ್ ಹೋಗಿದ್ದರೆ ಒಳಗೆ ನೀರು ಹೊಕ್ಕಿರುತ್ತದೆ, ವಿದ್ಯುತ್ ಆಘಾತದ ಭಯವೂ ಇದೆ. ಹಾಗಾಗಿ ಆ ನೀರಿಗೆ ಕೈ ಹಾಕಬೇಡಿ. ಮೋಟಾರು ಬದಲಿಸುವಾಗ ನೀರು ತುಂಬುವ ಬಗೆಯದನ್ನೇ ಕೇಳಿ ಹಾಕಿಸಿ. ನಂತರ ಐಎಸ್ 10500 ಮಾನಕದಲ್ಲಿರುವ ಖನಿಜ ತೈಲದ ಪರೀಕ್ಷೆ ಮಾಡಿಸಿ, ಅದರ ಮಿತಿ ಲೀಟರಿಗೆ 0.5 ಮಿಲಿಗ್ರಾಂ.

ಮಳೆ ಹಿಡಿದ ಮೇಲೆ ಶುರುವಾದ ಪೆಟ್ರೋಲ್ ವಾಸನೆ

ಇದು ಗಂಭೀರ. ಪೆಟ್ರೋಲ್ ನೀರಿಗಿಂತ ಹಗುರ. ನೆಲದಡಿಯ ಟ್ಯಾಂಕು ಸೋರಿದರೆ ಅದು ಮಣ್ಣಿನಲ್ಲಿ ಇಳಿದು ಅಂತರ್ಜಲದ ಮೇಲೆ ಪದರವಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ ಅದೂ ಇಳಿದು ಕಲ್ಲಿನ ಸಂದುಗಳಿಗೆ ಮೆತ್ತಿಕೊಳ್ಳುತ್ತದೆ. ಜೂನ್ ಜುಲೈಯಲ್ಲಿ ನಮ್ಮ ಬಾವಿಗಳ ನೀರು ಸರಸರನೆ ಏರುವಾಗ, ಮೆತ್ತಿಕೊಂಡದ್ದನ್ನು ತೊಳೆದುಕೊಂಡು ಬರುತ್ತದೆ. ಸೋರಿಕೆ ತಿಂಗಳುಗಳ ಹಿಂದೆಯೇ ಆಗಿರಬಹುದು, ವಾಸನೆ ಬರುವುದು ಆಟಿ ತಿಂಗಳಲ್ಲಿ. ಬೆಂಜೀನ್ ಪೆಟ್ರೋಲಿನ ಬಹುತೇಕ ಅಂಶಗಳಿಗಿಂತ ಚೆನ್ನಾಗಿ ನೀರಿನಲ್ಲಿ ಕರಗುವುದರಿಂದ ಅವುಗಳಿಗಿಂತ ಮುಂದೆ ಸಾಗುತ್ತದೆ. ಭಾರತದ ಬಿಎಸ್ 6 ಪೆಟ್ರೋಲಿನಲ್ಲಿ ಬೆಂಜೀನ್ ಗಾತ್ರದ ಲೆಕ್ಕದಲ್ಲಿ ಗರಿಷ್ಠ 1 ಶೇಕಡ ಇರಬಹುದು. ಕೇಳಲು ಸಣ್ಣ ಸಂಖ್ಯೆ. ಆದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಅದು ಸುಮಾರು 8.8 ಗ್ರಾಂ ಆಗುತ್ತದೆ, ಎಂಟು ಲಕ್ಷಕ್ಕೂ ಹೆಚ್ಚು ಲೀಟರ್ ನೀರನ್ನು ಮಿತಿಯ ಅಂಚಿಗೆ ಮುಟ್ಟಿಸಲು ಸಾಕಾಗುವಷ್ಟು.

ಸುತ್ತ ನೋಡಿ. ಬಾವಿಯ ಮೇಲ್ಗಡೆ, ಅಂದರೆ ಗುಡ್ಡೆಯ ಕಡೆ, ಪೆಟ್ರೋಲ್ ಬಂಕ್, ಗ್ಯಾರೇಜ್, ಬಸ್ ನಿಲ್ಲಿಸುವ ಜಾಗ, ಡೀಸೆಲ್ ಬ್ಯಾರೆಲ್ ಇದೆಯೇ? ನೆಲದಡಿಯ ನೀರೂ ಸಾಮಾನ್ಯವಾಗಿ ಗುಡ್ಡೆಯಿಂದ ಬೈಲಿಗೇ ಹರಿಯುತ್ತದೆ. ಆದರೆ ಮುರಕಲ್ಲಿನೊಳಗೆ ಟೊಳ್ಳು ದಾರಿಗಳಿರುತ್ತವೆ, ಎಷ್ಟೋ ಕಡೆ ನೀರು ಅವುಗಳಲ್ಲಿ ಓಡುತ್ತದೆ. ಬಂಕ್ ಇಷ್ಟು ದೂರ ಇದೆ, ನಮಗೇನೂ ಆಗದು ಎಂಬ ಧೈರ್ಯಕ್ಕೆ ಹೀಗಾಗಿ ಆಧಾರವಿಲ್ಲ. ಅಕ್ಕಪಕ್ಕದ ಬಾವಿಗಳನ್ನು ವಿಚಾರಿಸಿ, ಯಾವುದರಲ್ಲಿ ವಾಸನೆ ಜಾಸ್ತಿ, ಎಂದು ಶುರುವಾಯಿತು ಎಂದು ಬರೆದಿಡಿ. ಆ ಬರಹ ಮುಂದೆ ಅಧಿಕಾರಿಗಳಿಗೆ ನಿಮ್ಮ ಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಾವಿ ಖಾಲಿ ಮಾಡಿ ಶುಚಿ ಮಾಡೋಣ ಎನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಬೇಡ. ಖಾಲಿ ಮಾಡಿದಷ್ಟೂ ಸುತ್ತಲಿನ ಇಂಧನವನ್ನು ನಿಮ್ಮ ಬಾವಿಯತ್ತ ಎಳೆದುಕೊಳ್ಳುತ್ತೀರಿ, ಹೊರ ಚೆಲ್ಲಿದ ನೀರು ಇನ್ನೊಬ್ಬರ ಬಾವಿಗೆ ಇಳಿಯುತ್ತದೆ. ಬ್ಲೀಚಿಂಗ್ ಪೌಡರನ್ನೂ ಹಾಕಬೇಡಿ. ಅದು ಪೆಟ್ರೋಲನ್ನು ತೆಗೆಯುವುದಿಲ್ಲ, ಮೇಲಾಗಿ ಪುಡಿ ನೇರವಾಗಿ ಇಂಧನಕ್ಕೆ ತಾಗಿದರೆ ಕಾದು ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಇಲ್ಲಿಗೆ ಮನೆಯವರ ಕೆಲಸ ಮುಗಿಯಿತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ, ಪ್ರತಿ ಜಿಲ್ಲಾಧಿಕಾರಿಗೆ. ಬಂಕಿನ ನೆಲದಡಿಯ ಟ್ಯಾಂಕಿಗೆ ಪರವಾನಗಿ ಕೊಡುವುದು ಪೆಟ್ರೋಲಿಯಂ ನಿಯಮಗಳು 2002ರ ಪ್ರಕಾರ ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಟ್ಯಾಂಕಿನ ಸೋರಿಕೆ ಪರೀಕ್ಷೆ ಮಾಡಿಸಬೇಕೆಂದು ದೂರಿನಲ್ಲಿ ಆ ಸಂಸ್ಥೆಯ ಹೆಸರನ್ನೂ ಬರೆಯಿರಿ. ಬಂಕಿನವರ ಮೇಲೆ ತಪ್ಪು ಹೊರಿಸಬೇಡಿ, ಪರೀಕ್ಷೆ ಮಾಡಿ ಎಂದಷ್ಟೇ ಕೇಳಿ. ಮೂಲ ಇನ್ನೆಲ್ಲೋ ಇರಬಹುದು.

ಹೆದ್ದಾರಿ 66ರ ಪಕ್ಕದಲ್ಲೋ ಶಿರಾಡಿ ರಸ್ತೆಯಲ್ಲೋ ಟ್ಯಾಂಕರ್ ಮಗುಚಿ ಇಂಧನ ಚೆಲ್ಲಿದ್ದರೆ ವಾಸನೆ ಬರುವವರೆಗೆ ಕಾಯಬೇಡಿ. ಹತ್ತಿರದ ಬಾವಿಯ ನೀರನ್ನು ಆಗಲೇ ಒಮ್ಮೆ, ಮಳೆ ಹಿಡಿದು ಬಾವಿ ತುಂಬಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಪಾಲಿಕೆಯ ನೀರಿಗೇ ವಾಸನೆ

ಮೀಟರಿನ ಬಳಿ ಹಿಡಿದ ನೀರಿಗೆ ವಾಸನೆ ಇದ್ದು, ಬೀದಿಯ ಇತರರಿಗೂ ಹಾಗೇ ಇದ್ದರೆ, ಎಷ್ಟು ಮನೆಗಳಲ್ಲಿ ಎಂಬುದು ಮುಖ್ಯ ಸುಳಿವು. ಒಂದು ಬೀದಿಗೆ ಮಾತ್ರವಾದರೆ ಆ ಬೀದಿಯ ಪೈಪು. ಬೇಸಿಗೆಯಲ್ಲಿ ತುಂಬೆಯಲ್ಲಿ ನೀರು ಇಳಿದು ಸರದಿಯ ಮೇಲೆ ಬಿಡುವಾಗ, 2019 ಮತ್ತು 2023ರಲ್ಲಿ ಆದಂತೆ, ಪೈಪುಗಳು ದಿನಗಟ್ಟಲೆ ಖಾಲಿ ಇರುತ್ತವೆ. ಒತ್ತಡ ಇಲ್ಲದ ಪೈಪು ಜೋಡಣೆಗಳ ಸಂದಿಯಿಂದ ಹೊರಗಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟ ಮೊದಲ ಗಳಿಗೆಯಲ್ಲಿ ವಾಸನೆ ಜೋರಾಗಿದ್ದು ಆಮೇಲೆ ಇಳಿದರೆ ಇದೇ ಲಕ್ಷಣ. ಇಡೀ ವಾರ್ಡಿಗೆ, ಅದರಾಚೆಗೂ ಇದ್ದರೆ ಮೂಲ ನದಿಯಲ್ಲೋ ಶುದ್ಧೀಕರಣ ಘಟಕದಲ್ಲೋ.

ದೂರು ಕೊಟ್ಟಾಗ "ಪರೀಕ್ಷೆಯಲ್ಲಿ ಏನೂ ಇಲ್ಲ" ಎಂಬ ಉತ್ತರ ಬರಬಹುದು. ಆಗ ಏನನ್ನು ಪರೀಕ್ಷಿಸಿದಿರಿ, ಎಲ್ಲಿಯ ನೀರನ್ನು ಎಂದು ಕೇಳಿ. ಕೆನಡಾದ ಇಕಾಲುಯಿಟ್ ಪಟ್ಟಣದಲ್ಲಿ 2021ರ ಅಕ್ಟೋಬರಿನಲ್ಲಿ ಜನ ನಳ್ಳಿಯಲ್ಲಿ ಇಂಧನದ ವಾಸನೆ ಎಂದು ದೂರಿದರು. ಮೊದಲ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಆಮೇಲೆ ಶುದ್ಧೀಕರಣ ಘಟಕದ ಟ್ಯಾಂಕಿನಲ್ಲೇ ಇಂಧನ ಸಿಕ್ಕಿತು, ಸುಮಾರು ಎರಡು ತಿಂಗಳು ಊರಿಗೆ ಊರೇ ನಳ್ಳಿ ನೀರು ಕುಡಿಯುವಂತಿರಲಿಲ್ಲ. ಅಮೆರಿಕದ ಗ್ಲೆಂಡೈವ್‌ನಲ್ಲಿ 2015ರ ಜನವರಿಯಲ್ಲಿ ಯೆಲ್ಲೋಸ್ಟೋನ್ ನದಿಯಡಿಯ ಕಚ್ಚಾ ತೈಲದ ಪೈಪು ಒಡೆದಾಗಲೂ ಊರಿನ ನೀರಿನಲ್ಲಿ ಬೆಂಜೀನ್ ಮಿತಿ ಮೀರಿತ್ತು. ಮರಳಿನ ಸೋಸುವಿಕೆ, ಕ್ಲೋರಿನ್ ಇರುವ ಸಾಮಾನ್ಯ ಘಟಕ ಕರಗಿದ ಬೆಂಜೀನನ್ನು ತಡೆಯಲಾರದು. ಜನರ ಮೂಗಿನ ದೂರನ್ನು ಹಗುರವಾಗಿ ಕಾಣಬಾರದು ಎಂಬುದಕ್ಕೆ ಇಷ್ಟು ಸಾಕು.

ಪ್ರಯೋಗಾಲಯಕ್ಕೆ ಕೊಡುವಾಗ

ಹೆಚ್ಚಿನವರು ಎಡವುವುದು ಇಲ್ಲಿ. "ನೀರು ಕುಡಿಯಲು ಯೋಗ್ಯವೇ ನೋಡಿ" ಎಂದು ಕೊಟ್ಟರೆ ಪಿಎಚ್, ಗಡಸುತನ, ಕಬ್ಬಿಣ, ನೈಟ್ರೇಟ್, ಕೋಲಿಫಾರ್ಮ್ ನೋಡಿ ವರದಿ ಕೊಡುತ್ತಾರೆ. ಪಂಚಾಯತಿಯ ಫೀಲ್ಡ್ ಕಿಟ್ಟೂ ಅಷ್ಟೇ. ಇವು ಯಾವುದರಲ್ಲೂ ಬೆಂಜೀನ್ ಇಲ್ಲ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿಗೆ ಪೆಟ್ರೋಲ್ ಕಾಣಿಸುವುದೇ ಇಲ್ಲ. ಫಿಲ್ಟರ್ ಮಾರಲು ಬರುವವರು ನೀರಿಗೆ ಎರಡು ಸರಳು ಇಳಿಸಿ ಕರೆಂಟ್ ಕೊಟ್ಟು ಕಂದು ಗಸಿ ಎಬ್ಬಿಸಿ ತೋರಿಸುತ್ತಾರಲ್ಲ, ಆ ಗಸಿ ಸರಳಿನ ಕಬ್ಬಿಣದ್ದೇ ಹೊರತು ನಿಮ್ಮ ನೀರಿನದಲ್ಲ.

ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಮೊದಲು ಫೋನ್ ಮಾಡಿ ಹೀಗೆ ಕೇಳಿ: "ಕುಡಿಯುವ ನೀರಿನಲ್ಲಿ ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಜೈಲೀನ್ ನೋಡುತ್ತೀರಾ? ಗ್ಯಾಸ್ ಕ್ರೊಮಟೋಗ್ರಾಫ್‌ನಲ್ಲಿಯೇ? ನಿಮ್ಮ ಮಾನ್ಯತಾ ಪಟ್ಟಿಯಲ್ಲಿ ಇವು ಇವೆಯೇ? ಬೆಂಜೀನ್ ಎಷ್ಟು ಕಡಿಮೆ ಇದ್ದರೂ ಸಿಗುತ್ತದೆ?" ಲೀಟರಿಗೆ 1 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಎಂದರೆ ಸರಿ. 10ಕ್ಕಿಂತ ಹೆಚ್ಚು ಎಂದರೆ ಬೇರೆ ಕಡೆ ಹೋಗಿ. ಡೀಸೆಲ್ ಅನುಮಾನವಿದ್ದರೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಪರೀಕ್ಷೆಯನ್ನೂ ಸೇರಿಸಿ.

ಬಾಟಲಿ ಅವರಿಂದಲೇ ತರಿಸಿಕೊಳ್ಳಿ. ಈ ಪರೀಕ್ಷೆಗೆ 40 ಮಿಲಿಲೀಟರಿನ, ಟೆಫ್ಲಾನ್ ಪದರದ ಮುಚ್ಚಳವಿರುವ ಗಾಜಿನ ಸೀಸೆ ಬೇಕು. ಒಳಗೆ ಮೊದಲೇ ಸ್ವಲ್ಪ ಆಮ್ಲ ಹಾಕಿರಬಹುದು, ತೊಳೆಯಬೇಡಿ, ತುಂಬಿ ಚೆಲ್ಲಬೇಡಿ, ಕೈಗೆ ತಾಗಿಸಿಕೊಳ್ಳಬೇಡಿ. ಪಾಲಿಕೆಯ ನೀರಾದರೆ ಕ್ಲೋರಿನ್ ಇದೆ ಎಂದು ತಿಳಿಸಿ, ಅದನ್ನು ತೆಗೆಯುವ ವಸ್ತುವನ್ನೂ ಅವರೇ ಹಾಕಿ ಕೊಡುತ್ತಾರೆ. ನಳ್ಳಿಯ ತುದಿಯ ಜಾಲರಿ ಬಿಚ್ಚಿ, ಗುಳ್ಳೆ ಏಳದಂತೆ ಸಣ್ಣ ಧಾರೆಯಲ್ಲಿ ಸೀಸೆಯ ಗೋಡೆಗುಂಟ ಇಳಿಸಿ. ಬಾಯಿಯ ಮೇಲೆ ನೀರು ಉಬ್ಬಿ ನಿಂತ ಮೇಲೆ ಮುಚ್ಚಳ ತಿರುಗಿಸಿ. ಸೀಸೆ ತಲೆಕೆಳಗು ಮಾಡಿ ತಟ್ಟಿ ನೋಡಿ. ಗಾಳಿಗುಳ್ಳೆ ಕಂಡರೆ ಹೊಸ ಸೀಸೆಯಲ್ಲಿ ಮತ್ತೆ ಹಿಡಿಯಿರಿ, ಯಾಕೆಂದರೆ ಬೆಂಜೀನ್ ಆ ಗುಳ್ಳೆಗೆ ಹಾರಿಹೋಗಿ ವರದಿ ಸುಳ್ಳಾಗುತ್ತದೆ. ಒಂದು ಜಾಗಕ್ಕೆ ಕನಿಷ್ಠ ಎರಡು ಸೀಸೆ ಇರಲಿ. ಮಿನರಲ್ ವಾಟರಿನ ಖಾಲಿ ಬಾಟಲಿಯಲ್ಲಿ ತೆಗೆದುಕೊಂಡು ಹೋದ ನೀರಿನ ವರದಿಯನ್ನು ನಂಬಲಾಗದು.

ಬಾವಿಯ ಸ್ಥಿತಿ ತಿಳಿಯಬೇಕಾದರೆ ಪಂಪ್ ಸ್ವಲ್ಪ ಹೊತ್ತು ಓಡಿಸಿದ ಮೇಲೆ, ಟ್ಯಾಂಕಿಗೆ ಹೋಗುವ ಮೊದಲೇ ಹಿಡಿಯಿರಿ. ಮನೆಯ ಪೈಪಿನಿಂದ ಇಳಿಯುತ್ತಿದೆಯೇ ತಿಳಿಯಬೇಕಾದರೆ ರಾತ್ರಿಯಿಡೀ ನಿಂತ ನೀರಿನ ಮೊದಲ ಧಾರೆ ಹಿಡಿಯಿರಿ. ಅದೇ ದಿನ ಪೆಟ್ರೋಲ್ ತುಂಬಿಸಿದ ಕೈಯಿಂದ ಸೀಸೆ ಮುಟ್ಟಬೇಡಿ, ಸೀಸೆಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ಸೀಟಿನಡಿಯ ಪೆಟ್ರೋಲ್ ಟ್ಯಾಂಕಿನ ಆವಿ ಅಲ್ಲಿಗೆ ಬರುತ್ತದೆ. ಐಸ್ ಡಬ್ಬಿಯಲ್ಲಿ, ಹೆಪ್ಪುಗಟ್ಟದಂತೆ, ಅಂದೇ ತಲುಪಿಸಿ.

ವರದಿ ಕೈಗೆ ಬಂದಾಗ

ಮೊದಲು ಅಳತೆ ಮಿಲಿಗ್ರಾಂನಲ್ಲಿದೆಯೋ ಮೈಕ್ರೋಗ್ರಾಂನಲ್ಲಿದೆಯೋ ನೋಡಿ. 0.01 ಮಿಲಿಗ್ರಾಂ ಮತ್ತು 10 ಮೈಕ್ರೋಗ್ರಾಂ ಒಂದೇ. "ಪತ್ತೆಯಾಗಿಲ್ಲ" ಎಂದು ಬರೆದಿದ್ದರೆ ಪತ್ತೆಯ ಮಿತಿ ಎಷ್ಟೆಂದು ಅದೇ ಹಾಳೆಯಲ್ಲಿ ಹುಡುಕಿ. ಮಿತಿ ಬರೆಯದ "ಪತ್ತೆಯಾಗಿಲ್ಲ" ಎಂಬುದಕ್ಕೆ ಅರ್ಥವಿಲ್ಲ. ಖನಿಜ ತೈಲ 0.5 ಮಿಲಿಗ್ರಾಂ ಒಳಗಿದೆ ಎಂಬ ವರದಿ ಬೆಂಜೀನ್ ಬಗ್ಗೆ ಏನನ್ನೂ ಹೇಳುವುದಿಲ್ಲ, ಆ ಸಂಖ್ಯೆ ಬೆಂಜೀನಿನ ಮಿತಿಯ 50 ಪಟ್ಟು.

ಬೆಂಜೀನ್ 10 ಮೈಕ್ರೋಗ್ರಾಂ ಮೀರಿದ್ದರೆ ಕುಡಿಯಲು, ಅಡುಗೆಗೆ ಆ ನೀರು ಬೇಡ. ಬಿಸಿನೀರಿನ ಸ್ನಾನವೂ ಬೇಡ, ಬಚ್ಚಲಿನ ಹಬೆಯಲ್ಲಿ ಅದು ಉಸಿರಿಗೆ ಸೇರುತ್ತದೆ. ವರದಿ ಮಿತಿಯ ಒಳಗಿದ್ದೂ ವಾಸನೆ ಇದ್ದರೆ ನೀರು ಸರಿ ಎಂದು ಒಪ್ಪಬೇಡಿ. ಇನ್ನೊಂದು ದಿನ, ವಾಸನೆ ಜೋರಾಗಿರುವ ಹೊತ್ತಿನಲ್ಲಿ ಮತ್ತೆ ಹಿಡಿಯಿರಿ.

ಮನೆಯಲ್ಲಿ ಆರ್‌ಒ ಇದೆಯಲ್ಲ?

ಯುವಿ ದೀಪ ಪೆಟ್ರೋಲಿಗೆ ಏನೂ ಮಾಡದು. ಆರ್‌ಒ ಪೊರೆ ಉಪ್ಪನ್ನು ತಡೆದಷ್ಟು ಚೆನ್ನಾಗಿ ಬೆಂಜೀನಿನಂಥ ಪುಟ್ಟ ಅಣುವನ್ನು ತಡೆಯುವುದಿಲ್ಲ. ಅದರ ಜೊತೆಗಿರುವ ಇದ್ದಿಲಿನ ಕ್ಯಾಂಡಲ್ ಹೀರಿಕೊಳ್ಳುವುದು ನಿಜ. ಆದರೆ ಅದು ಚಿಕ್ಕದು, ಬೇಗ ತುಂಬುತ್ತದೆ, ತುಂಬಿದ್ದು ಹೊರಗಿನಿಂದ ಗೊತ್ತಾಗುವುದಿಲ್ಲ. ಬೆಂಜೀನ್ ಸೋಸಲು ಸರಿಯಾದ ದಾರಿ ಸಕ್ರಿಯ ಇದ್ದಿಲಿನ ದೊಡ್ಡ ಕೊಳವೆಗಳೆರಡನ್ನು ಸಾಲಾಗಿ ಹಾಕಿ, ಎರಡರ ನಡುವಿನ ನೀರನ್ನು ಆಗಾಗ ಪರೀಕ್ಷಿಸುವುದು. ಇದು ತಜ್ಞರ ಕೆಲಸ. ಮೂಲದ ಸೋರಿಕೆ ನಿಲ್ಲದೆ ಇದ್ದಿಲಿಗೆ ದುಡ್ಡು ಸುರಿದೂ ಪ್ರಯೋಜನವಿಲ್ಲ.

ಮೂಲ ಸರಿಯಾಯಿತು, ವಾಸನೆ ಹೋಗಿಲ್ಲ

ಪ್ಲಾಸ್ಟಿಕ್ ಟ್ಯಾಂಕು, ಪೈಪು, ರಬ್ಬರ್ ವಾಷರ್ ಇಂಧನವನ್ನು ಹೀರಿಕೊಂಡಿರುತ್ತವೆ, ಶುದ್ಧ ನೀರು ಬಂದ ಮೇಲೂ ಬಹಳ ಕಾಲ ಬಿಡುತ್ತಿರುತ್ತವೆ. ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣದಲ್ಲಿ 2018ರ ಕಾಳ್ಗಿಚ್ಚಿನ ನಂತರ ನೀರಿನ ಜಾಲಕ್ಕೆ ಬೆಂಜೀನ್ ಸೇರಿದಾಗ, ನೀರನ್ನು ಪೈಪಿನಲ್ಲಿ 72 ಗಂಟೆ ನಿಲ್ಲಿಸಿ ಮಾದರಿ ಹಿಡಿದದ್ದು ಇದಕ್ಕೇ. ಹರಿಯುವ ನೀರಿನಲ್ಲಿ ಕಾಣದ್ದು ನಿಂತ ನೀರಿನಲ್ಲಿ ಕಾಣುತ್ತದೆ. ಮನೆಯಲ್ಲೂ ಹಾಗೇ ಮಾಡಿ: ಪೈಪುಗಳನ್ನು ಚೆನ್ನಾಗಿ ಹರಿಸಿ, ಮೂರು ದಿನ ನಳ್ಳಿ ಮುಚ್ಚಿಟ್ಟು, ಮೊದಲ ಧಾರೆಯನ್ನು ಸೀಸೆಗೆ ಹಿಡಿದು ಕಳಿಸಿ. ಬೆಂಜೀನ್ ಬಂದರೆ ಟ್ಯಾಂಕು, ಆ ಭಾಗದ ಪೈಪು ಬದಲಿಸಬೇಕು. ಫಿಲ್ಟರಿನ ಕ್ಯಾಂಡಲ್‌ಗಳನ್ನು, ವಾಷರುಗಳನ್ನು ಪರೀಕ್ಷೆಗೆ ಕಾಯದೆ ಬದಲಿಸಿ. ಬಾವಿಯ ಮಾಲಿನ್ಯವಾಗಿದ್ದರೆ ಒಂದು ವರದಿ ಚೆನ್ನಾಗಿ ಬಂದಿತೆಂದು ಬಿಡಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ನೀರು ತಳ ಹಿಡಿದಾಗ ಒಮ್ಮೆ, ಜುಲೈಯಲ್ಲಿ ಬಾವಿ ತುಂಬಿದಾಗ ಒಮ್ಮೆ ಮಾಡಿಸಿ, ಎರಡೂ ಚೆನ್ನಾಗಿ ಬಂದ ಮೇಲೆ ಕೊಡಪಾನ ಇಳಿಸಿ.